ಮಾಣಿಕಮ್ಮನವರ ತಂಗಿ ಮಗಳು

ಹುಮನಾಬಾದಿನಲ್ಲಿ ಕಬ್ಬಿನ ಹಾಲಿನ ಅಂಗಡಿಯೊಂದರ ಮೇಲಿನ ಕೋಣೆಗೆ ಬೋರ್ಡು ಹಾಕಿಸಿದ ದಿನ ಸುಮೇಧಾಳಿಗೆ ‘ಮನಿ ಕೇರ್’ ಎಂಬ ಆ ಹೆಸರು ಬಹಳ ಹಿಡಿಸಿತ್ತು. ಈ ಸೀಮೆಯಲ್ಲಿ ಮನೆಯನ್ನು ಮನೆ ಅನ್ನುವವರು ಪುಸ್ತಕದಲ್ಲಷ್ಟೇ ಸಿಗುತ್ತಾರೆ. ಬಾಯಲ್ಲಿ ಅದು ಮನಿ. ಮನಿಗೇ ಬಂದು ಕೇರ್ ಮಾಡುವವರು ಅನ್ನುವುದು ಅವಳ ತಾತ್ಪರ್ಯ. ಆದರೆ ಮೊದಲ ವಾರ ಮೆಟ್ಟಿಲು ಹತ್ತಿ ಬಂದ ನಾಲ್ವರೂ ಕುರ್ಚಿ ಎಳೆದುಕೊಂಡು ಕೇಳಿದ್ದು ಒಂದೇ: “ಬಂಗಾರದ ಮ್ಯಾಲ ಲೋನ್ ಎಷ್ಟು ಕೊಡ್ತೀರಿ?” ಇಂಗ್ಲಿಷಿನ ಮನಿ ಕನ್ನಡದ ಮನಿಯನ್ನು ಹಾಡುಹಗಲೇ ನುಂಗಿಬಿಟ್ಟಿತ್ತು. ಕೊನೆಗೆ ಹೆಸರಿನ ಕೆಳಗೆ ‘ವಯಸ್ಸಾದವರಿಗೆ, ಆಪರೇಷನ್ ಆದವರಿಗೆ ಮನೆಯಲ್ಲಿಯೇ ನರ್ಸಿನ ಆರೈಕೆ’ ಎಂದು ಬರೆಸಿದಳು. ಅಂದಿನಿಂದ ಲೋನ್ ಕೇಳುವವರೂ ಬರುವುದು ಬಿಟ್ಟರು.

ಸುಮೇಧಾ ಅಷ್ಟಕ್ಕೇ ಕೈಚೆಲ್ಲುವವಳಲ್ಲ. ಎರಡು ಸಾವಿರ ಕರಪತ್ರ ಅಚ್ಚು ಹಾಕಿಸಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ತಾನೇ ಹಂಚಿದಳು. ಸಂಜೆಗೆ ಅರ್ಧದಷ್ಟು ಕರಪತ್ರಗಳು ಭಜಿಯ ಎಣ್ಣೆ ಕುಡಿದು ತೃಪ್ತಿಯಿಂದ ಅವಳ ಕಾಲಬುಡಕ್ಕೇ ಬಂದು ಮಲಗಿದ್ದವು. ಮೆಡಿಕಲ್ ಅಂಗಡಿಯವರು ಕೌಂಟರಿನ ಮೇಲೆ ಒಂದು ಕಟ್ಟು ಇಟ್ಟುಕೊಳ್ಳಲು ಒಪ್ಪಿದರು. ಆಮೇಲೆ ನೋಡಿದರೆ ಹಿಂಬದಿಯಲ್ಲಿ ‘ಊಟದ ಮ್ಯಾಲ ಒಂದು’ ಎಂದು ಬರೆದು ಗುಳಿಗೆಯ ಜೊತೆ ಗಿರಾಕಿಗೆ ಕೊಡುತ್ತಿದ್ದರು.

ಆಟೋ ಮಕ್ಬೂಲನಿಗೆ ಮೈಕು ಕೊಟ್ಟು ಚಿಟಗುಪ್ಪದವರೆಗೆ ಕಳಿಸಿದ್ದು ಮೂರನೆಯ ಪ್ರಯತ್ನ. ಬರೆದುಕೊಟ್ಟ ಸಾಲನ್ನು ಮಕ್ಬೂಲ್ ಚುನಾವಣೆಯ ಗತ್ತಿನಲ್ಲಿ ಒದರಿದ: “ನಿಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರು ಇದ್ದಾರೆಯೇ? ಇಂದೇ ಕರೆ ಮಾಡಿರಿ!” ಚಿಟಗುಪ್ಪದ ಗಲ್ಲಿಯೊಂದರಲ್ಲಿ ಮುದುಕಿಯೊಬ್ಬಳು ಕಸಬರಿಗೆ ಹಿಡಿದು ಆಟೋ ಅಡ್ಡಗಟ್ಟಿದಳು. “ಮದಿವಿ ಹಂದರ ಹಾಕಿದ ಮನಿ ಮುಂದ ನಿಂತು ಹಾಸಿಗಿ ಹಿಡದಾರೇನು ಅಂತ ಕೇಳ್ತಿಯೇನೋ ಮುರ್ದಾರ!”

ಮಕ್ಬೂಲ್ ಮೈಕು ಬಿಚ್ಚಿ ತಂದು ಮೇಜಿನ ಮೇಲಿಟ್ಟ. “ಓಟಿಗಿ ಒದರೀನಿ, ಕುರಿ ಸಂತಿಗಿ ಒದರೀನಿ, ಕಾಣೆಯಾದ ಎಮ್ಮಿಗೂ ಒದರೀನಿ. ಇದೊಂದು ಆಗಂಗಿಲ್ಲ ಆಪಾ. ಮಂದಿ ಹೊಡೀತಾರ.”

ಈ ಹುಚ್ಚು ಸುಮೇಧಾಳಿಗೆ ಹತ್ತಿದ್ದಕ್ಕೆ ಕಾರಣ ಅವಳ ವೈನಿ, ಅಂದರೆ ಅಣ್ಣನ ಹೆಂಡತಿ. ಮಂಠಾಳದ ಹುಡುಗಿ ಸುಮೇಧಾ ನರ್ಸಿಂಗ್ ಓದಿ, ಹದಿನೈದು ವರ್ಷ ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದ್ದಳು. ಅವಳು ಅಲ್ಲಿ ಯಾರಯಾರದೋ ತಾಯಂದಿರಿಗೆ ಮಗ್ಗುಲು ಬದಲಿಸುತ್ತಿದ್ದಾಗ ಇಲ್ಲಿ ಅವಳ ತಾಯಿ ಎಂಟು ತಿಂಗಳು ಹಾಸಿಗೆಯಲ್ಲಿದ್ದರು. ಎತ್ತಿ ಕೂರಿಸಿದವಳು, ತೊಳೆದವಳು, ಉಣಿಸಿದವಳು ವೈನಿ. ಅವ್ವನನ್ನು ನೋಡಲು ದಿನಾ ಹತ್ತು ಮಂದಿ ಬರುತ್ತಿದ್ದರು. ವೈನಿಯನ್ನು ನೋಡಲು ಯಾರೂ ಬರಲಿಲ್ಲ. ಅವ್ವ ತೀರಿಕೊಂಡ ಮೇಲೆ ವೈನಿ ಬಗ್ಗಿದ ಬೆನ್ನು ನೆಟ್ಟಗೆ ಮಾಡಲಾಗದೆ ಸೊಲ್ಲಾಪುರಕ್ಕೇ ತೋರಿಸಲು ಬಂದಳು. ಆ ಎಕ್ಸ್‌ರೇ ನೋಡಿದ ವರ್ಷವೇ ಸುಮೇಧಾ ನೌಕರಿ ಬಿಟ್ಟು ಊರ ಕಡೆ ಬಂದದ್ದು. ಆಗ ಅವಳಿಗೆ ನಲವತ್ತೊಂದು. ಮದುವೆ ಆಗಿರಲಿಲ್ಲ, ಡ್ಯೂಟಿ ಬದಲಾಗುತ್ತಲೇ ಇದ್ದುದರಿಂದ ಅದಕ್ಕೆ ಪಾಳಿ ಬಂದಿರಲಿಲ್ಲ ಎಂದು ತಾನೇ ಹೇಳಿ ನಗುತ್ತಿದ್ದಳು.

ಬಂದವಳೇ ಮೂವರು ಹೆಂಗಸರನ್ನು ಕೂಡಿಸಿ ನಾಲ್ಕು ತಿಂಗಳು ಕೆಲಸ ಕಲಿಸಿದಳು. ಕೆಲಸ ಕಲಿತರು, ಕೆಲಸ ಸಿಗಲಿಲ್ಲ. ಹೈದರಾಬಾದಿನ ಏಜೆನ್ಸಿಯೊಂದರಿಂದ ಫೋನ್ ಬಂದ ಕೂಡಲೇ ಇಬ್ಬರು ಬಸ್ ಹತ್ತಿದರು. ಉಳಿದವಳು ಗಯಾಬಾಯಿ. ಐವತ್ತು ದಾಟಿದ ಗಟ್ಟಿ ಹೆಂಗಸು. ತೊಗರಿ ಕೊಯ್ದು ಒರಟಾದ ಆ ಕೈಗಳು ರೋಗಿಯ ಬೆನ್ನಡಿಗೆ ಹೋದಾಗ ಹೇಗೆ ಅಷ್ಟು ಮೆತ್ತಗಾಗುತ್ತವೆ ಎಂದು ಸುಮೇಧಾಳಿಗೇ ಆಶ್ಚರ್ಯವಾಗುತ್ತಿತ್ತು.

“ನೋಡ್ರಿ ಬಾಯಿ,” ಎಂದಳು ಗಯಾಬಾಯಿ ಒಂದು ದಿನ, “ಹೈದರಾಬಾದಿನವರು ನನಗೂ ಕರಿಯಾಕತ್ತಾರ. ಅಲ್ಲೇ ಉಣ್ಣೋದು, ಅಲ್ಲೇ ಮಲಗೋದು. ನನಗ ಇಲ್ಲೇ ಇರೋ ಮನಸದ. ಮೊಮ್ಮಗಳು ಈಗ ಹೆಜ್ಜಿ ಹಾಕಾಕತ್ತಾಳ. ಖರೇ, ಸುಮ್ಮ ಕುಂತು ಎಷ್ಟು ದಿನ ತಿನ್ಲಿ? ಅಮಾಸಿ ತನಕ ನೋಡ್ತೀನಿ. ಆಮ್ಯಾಲ ನನ್ನ ಹಿಡೀಬ್ಯಾಡ್ರಿ.”

ಅಮಾವಾಸ್ಯೆಗೆ ಹದಿನೇಳು ದಿನ ಇತ್ತು. ಗಯಾಬಾಯಿಯೂ ಹೋದರೆ ಮನಿ ಕೇರ್ ಅಂದರೆ ಒಂದು ಬೋರ್ಡು, ಒಂದು ಬೀಗ.

ಮರುದಿನವೇ ಬಸವಕಲ್ಯಾಣದಿಂದ ಗುರುಲಿಂಗ ಬಂದ. ಬೆಲ್ಲದ ವ್ಯಾಪಾರಿ ಬಸವಣಪ್ಪನವರ ಒಬ್ಬನೇ ಮಗ. ಕುರ್ಚಿಯ ತುದಿಯಲ್ಲಿ ಕೂತು, ಕಿಟಕಿಯಿಂದ ತನ್ನನ್ನು ಯಾರಾದರೂ ನೋಡುತ್ತಾರೇನೋ ಎಂದು ಎರಡು ಸಲ ನೋಡಿ, ಹೇಳಿದ: ಎಪ್ಪತ್ತೊಂದು ವರ್ಷದ ಅಪ್ಪ ಗೋದಾಮಿನ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದಾರೆ, ಸೊಂಟದ ಎಲುಬು ಮುರಿದಿದೆ, ಆಪರೇಷನ್ ಆಗಿ ನಿನ್ನೆ ಮನೆಗೆ ಬಂದಿದ್ದಾರೆ. ದಿನಾ ಮೂರು ಸಲ ಕಾಲಿನ ವ್ಯಾಯಾಮ ಮಾಡಿಸಬೇಕು, ವಾಕರ್ ಹಿಡಿಸಿ ನಡೆಸಬೇಕು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ.

“ನೀವೇ ಬರ್ರಿ ಸಿಸ್ಟರ್. ಆದ್ರ ಒಂದು ಮಾತು. ಈ ಡ್ರೆಸ್, ಬ್ಯಾಗಿನ ಮ್ಯಾಲಿನ ಹೆಸರು, ಇವು ಬ್ಯಾಡ. ಹಂಗ ಸುಮ್ಮ ಬಂದಂಗ ಬರ್ರಿ.”

ಸುಮೇಧಾ ಆ ಶರತ್ತನ್ನು ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ. ಅವಳ ತಲೆ ಬೇರೆ ಕಡೆ ಓಡುತ್ತಿತ್ತು. ಬಸವಣಪ್ಪ ಯಾರು? ತಾಲೂಕಿನಲ್ಲಿ ಯಾರಿಗೆ ನೆಗಡಿಯಾದರೂ ಎರಡು ಮೋಸಂಬಿ ಹಿಡಿದು ಮಾತಾಡಿಸಲು ಹೋಗುವ ಮನುಷ್ಯ. ನಲವತ್ತು ವರ್ಷ ಹೀಗೆ ಮಂದಿಯ ಮನೆಗೆ ಹೋದವರ ಸೊಂಟ ಮುರಿದರೆ ನೋಡಲು ಎಷ್ಟು ಜನ ಬಂದಾರು! ದಿನಕ್ಕೆ ಐವತ್ತು ಮಂದಿ ಹಿಡಿಯಿರಿ. ಅಷ್ಟು ಜನರ ಕಣ್ಣೆದುರು ಮುದುಕರನ್ನು ಎಬ್ಬಿಸಿ ನಡೆಸಿದರೆ ಆಯಿತು. ಮೈಕು ಬೇಡ, ಕರಪತ್ರ ಬೇಡ. ತಲೆ ಅಲ್ಲಾಡಿಸಿ ಒಪ್ಪಿಕೊಂಡಳು.

ಶರತ್ತಿನ ಪೂರ್ತಿ ಅರ್ಥ ಆದದ್ದು ಮಾಣಿಕಮ್ಮನವರ ಎದುರು ನಿಂತಾಗ. ಬಸವಣಪ್ಪನವರ ಹೆಂಡತಿ ಮಾಣಿಕಮ್ಮ ಬಾಗಿಲಲ್ಲೇ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಹೆಸರೇನು?”

“ಸುಮೇಧಾ ರೀ.”

“ಮುಂದ?”

“ಕಾಂಬಳೆ. ಮಂಠಾಳದಾಕಿ.”

ಮಾಣಿಕಮ್ಮ ಬಾಗಿಲ ಚೌಕಟ್ಟಿನ ಮೇಲಿನ ಕೈ ತೆಗೆಯಲಿಲ್ಲ. ಒಳಗೆ ಗಂಡ ನರಳಿದ್ದು ಕೇಳಿಸಿತು. “ಇರ್ಲಿ. ಒಳಗ ಬಾ. ನೋಡು, ಇವತ್ತಿಂದ ನೀ ನನ್ನ ತಂಗಿ ಮಗಳು. ಸೊಲ್ಲಾಪುರದಾಗ ಇರ್ತಿ. ದೊಡ್ಡಪ್ಪ ಬಿದ್ದಾನ ಅಂತ ತಿಳದು ಓಡಿ ಬಂದಿ. ನನಗ ದೊಡ್ಡವ್ವ ಅನ್ನಬೇಕು.”

“ನರ್ಸ್ ಅಂದ್ರ ಏನಾಗ್ತದ ರೀ?”

“ಸೊಸಿ ಇದ್ದೂ ಮುದುಕನ್ನ ಪರರ ಕೈಯಾಗ ಕೊಟ್ರು ಅಂತಾರ. ಮಂದಿ ಅಂದೇ ಅಂತಾರ. ನಾನೂ ಮಂದಿಗಿ ಹಂಗೇ ಅಂದೀನಿ, ಅದಕ್ಕ ನನಗ ಗೊತ್ತದ.”

ಜಾತಿ ಹೇಳಿಬಿಡುವ ಆ ಅಡ್ಡಹೆಸರು ಕೇಳಿ ಹೊಸ್ತಿಲಲ್ಲೇ ನಿಲ್ಲಿಸಿದವರನ್ನು ಸುಮೇಧಾ ಕಂಡಿದ್ದಳು. ಕೇಳಿದ ಮೇಲೂ ತಂಗಿಯ ಮಗಳನ್ನಾಗಿ ಮಾಡಿಕೊಂಡವರನ್ನು ಕಂಡದ್ದು ಇದೇ ಮೊದಲು. ನಗಬೇಕೋ ಅಳಬೇಕೋ ತಿಳಿಯದೆ ಕೈ ತೊಳೆಯಲು ಹೋದಳು.

ಬಸವಣಪ್ಪನವರ ಮಂಚವನ್ನು ಪಡಸಾಲೆಯ ನಟ್ಟನಡುವೆ ಹಾಕಿದ್ದರು. ಗಾಳಿ ಬರಲಿ ಎಂದಲ್ಲ, ಮಂದಿ ಬರಲಿ ಎಂದು. ಬಂದರು. ಬೆಳಗಿನ ಎಂಟಕ್ಕೆ ಪೇಟೆಯವರು, ಹತ್ತಕ್ಕೆ ಹಳ್ಳಿಯ ಬಸ್ಸಿಳಿದವರು, ಮಧ್ಯಾಹ್ನ ಹೆಂಗಸರು, ಸಂಜೆ ಮತ್ತೆ ಪೇಟೆಯವರು. ಬಂಧು ಅಂದರೆ ಬಂದು ಕೂತವನು ಎಂಬ ಅರ್ಥ ಯಾವ ನಿಘಂಟಿನಲ್ಲೂ ಇಲ್ಲದಿದ್ದರೆ ಅದು ನಿಘಂಟಿನ ದೋಷ. ಬಂದವರೆಲ್ಲ ಮೊದಲು ಕೇಳುವುದು “ಹ್ಯಾಂಗ ಬಿದ್ರಿ?” ಬಸವಣಪ್ಪ ಮಾತುಗಾರ. ಮೊದಲ ದಿನ ಎರಡು ಮೆಟ್ಟಿಲಿಂದ ಬಿದ್ದವರು ನಾಲ್ಕನೆಯ ದಿನಕ್ಕೆ ಏಳು ಮೆಟ್ಟಿಲಿಂದ ಬೀಳುತ್ತಿದ್ದರು. ಆರನೆಯ ದಿನ ಅವರ ಮೇಲೆ ಬೆಲ್ಲದ ಪೆಂಟೆಯೂ ಒಂದು ಬಿತ್ತು.

ಈ ಬೀಳುವ ಸಂಭ್ರಮದಲ್ಲಿ ಏಳುವುದು ಹಿಂದೆ ಬಿತ್ತು. ವಾಕರ್ ತಂದು ನಿಲ್ಲಿಸಿದರೆ “ಬೀಗರು ಕುಂತಾರ, ಆಮ್ಯಾಲ” ಅನ್ನುವರು. ಕಾಲು ಎತ್ತಿಸಲು ಹೋದರೆ “ಹೆಣ್ಣುಮಕ್ಕಳು ಬಂದಾರ, ಧೋತ್ರ ಸರೀತದ, ಆಮ್ಯಾಲ” ಅನ್ನುವರು. ಎದುರು ಅಂಗಡಿಯ ವ್ಯಾಪಾರಿ ಬಂದಾಗಂತೂ ವಾಕರನ್ನು ಬಾಗಿಲ ಹಿಂದೆ ಬಚ್ಚಿಡಿಸಿದರು. ಆ ಮನೆಯಲ್ಲಿ ವಾಕ್ಕು ಧಾರಾಳವಾಗಿತ್ತು, ವಾಕಿಂಗ್ ಇರಲಿಲ್ಲ.

ಅಡುಗೆಮನೆಯಲ್ಲಿ ಸೊಸೆ ರೂಪಾಲಿ ಒಲೆಯ ಮುಂದಿನಿಂದ ಕದಲುವಂತಿರಲಿಲ್ಲ. ಒಂದು ಪಾತೇಲಿ ಚಹಾ ಇಳಿಸಿದರೆ ಇನ್ನೊಂದು ಏರಬೇಕು. ಮೂರನೆಯ ದಿನ ಸುಮೇಧಾ ನೀರು ತರಲು ಹೋದಾಗ ಅವಳು ಗೋಡೆಗೆ ಒರಗಿ ನಿಂತೇ ಕಣ್ಣು ಮುಚ್ಚಿದ್ದಳು.

“ಜರಾ ಕುಂಡ್ರಿ ವೈನಿ,” ಎಂದಳು ಸುಮೇಧಾ.

“ಕುಂತ್ರ ಏಳೋದು ಆಗಂಗಿಲ್ಲ ಅಕ್ಕಾ,” ರೂಪಾಲಿ ಕಣ್ಣು ತೆರೆಯದೆ ಹೇಳಿದಳು. “ಹೊರಗ ಎಷ್ಟು ಮಂದಿ?”

“ಹನ್ನೊಂದು.”

“ಹಂಗಾರ ಸಕ್ಕರಿ ಡಬ್ಬಿ ಕೊಡು.”

ಇತ್ತ ತಂಗಿ ಮಗಳ ಕೀರ್ತಿ ಬೆಳೆಯತೊಡಗಿತು. ಮುದುಕರಿಗೆ ಬೆನ್ನು ಒರೆಸುವ ನಯ, ಗುಳಿಗೆ ಕೊಡುವ ಹೊತ್ತು, ಒಂದು ಸುಕ್ಕಿಲ್ಲದಂತೆ ಚಾದರ ಬದಲಿಸುವ ಚಾಕಚಕ್ಯ ನೋಡಿ ಹೆಂಗಸರು ಗಲ್ಲಕ್ಕೆ ಕೈ ಹಚ್ಚಿದರು. “ಮಾಣಿಕಮ್ಮಾ, ಇಂಥ ತಂಗಿ ಮಗಳು ಇದ್ದಾಳಂತ ಒಂದು ದಿನಾನೂ ಹೇಳ್ಲಿಲ್ಲಲ್ಲೇ!” ಕೆಲವರು ತಮ್ಮ ಬಿ.ಪಿ. ನೋಡಿಸಿಕೊಂಡರು. ಒಬ್ಬರು ಹೆಂಡತಿ ತೀರಿಕೊಂಡ ಮೈದುನನಿಗೆ ಹೆಣ್ಣು ಕೇಳಿದರು. ಇನ್ನೊಬ್ಬರು ಸುಮೇಧಾಳನ್ನೇ ಕೇಳಿಬಿಟ್ಟರು: “ಯವ್ವಾ, ದೊಡ್ಡಪ್ಪ ಆರಾಮಾದ ಮ್ಯಾಲ ನಮ್ಮ ಮನಿಗೂ ಒಂದು ವಾರ ಬಾ. ನಮ್ಮ ಅತ್ತಿನೂ ಹಿಂಗೇ ಮಲಗ್ಯಾಳ.” ಮಾಣಿಕಮ್ಮ ಹೆಮ್ಮೆಯಿಂದ, “ಕಳಸ್ತೀನಂತ, ಅದಕ್ಕೇನು?” ಎಂದರು.

ಸುಮೇಧಾ ಒಳಗೊಳಗೇ ಬೇಯುತ್ತಿದ್ದಳು. ವಾರದೊಳಗೆ ಏಳು ಮನೆ, ಏಳು ಹಾಸಿಗೆ, ಏಳು ಸೊಸೆಯಂದಿರು ಅವಳ ಲೆಕ್ಕಕ್ಕೆ ಸಿಕ್ಕಿದ್ದರು. ಮನಿ ಕೇರಿಗೆ ಇಷ್ಟು ಬೇಡಿಕೆ ಹುಟ್ಟಿತ್ತು, ಅದೂ ಹುಟ್ಟದೇ ಇದ್ದ ಒಬ್ಬ ತಂಗಿಯ ಮಗಳ ಹೆಸರಿನಲ್ಲಿ. ಪರ್ಸಿನಲ್ಲಿ ನೂರು ವಿಸಿಟಿಂಗ್ ಕಾರ್ಡುಗಳಿದ್ದವು, ಮುಂದೆ ನೂರು ವಿಸಿಟರುಗಳಿದ್ದರು, ನಡುವೆ ದೊಡ್ಡವ್ವ ಕೂತಿದ್ದರು. ಏಳನೆಯ ದಿನ ಮಧ್ಯಾಹ್ನ, ಮಾಣಿಕಮ್ಮ ಒಳಗೆ ಹೋದ ಹೊತ್ತು ನೋಡಿ, ಬಿಸ್ಕಿಟ್ ತಟ್ಟೆಯ ಕೆಳಗೆ ಒಂದು ಕಾರ್ಡು ಸರಿಸೋಣವೆಂದು ಪರ್ಸಿಗೆ ಕೈ ಹಾಕಿಯೂ ಬಿಟ್ಟಳು. ಆಗಲೇ ಬಸವಣಪ್ಪ ಮಗ್ಗುಲಾಗಲು ಹೋಗಿ “ಅವ್ವಾ” ಎಂದರು. ಕಾರ್ಡು ಬಿಟ್ಟು ಹೋಗಿ ನೋಡಿದಳು. ಟೊಂಕದ ಕೆಳಗೆ ರೂಪಾಯಿಯಗಲ ಚರ್ಮ ಕೆಂಪಾಗಿತ್ತು. ಬೆರಳೊತ್ತಿ ತೆಗೆದರೆ ಬಿಳಿಯಾಗಲಿಲ್ಲ, ಕೆಂಪಾಗಿಯೇ ಉಳಿಯಿತು. ಹಿಮ್ಮಡಿಯಲ್ಲಿ ಇನ್ನೊಂದು. ಮಲಗಿದವರಿಗೆ ಏಳುವ ಹುಣ್ಣಿನ ಮೊದಲ ಗುರುತು ಅದು.

ಅವಳು ಕಾರ್ಡಿನ ವಿಚಾರ ಮರೆತಳು. ಏಳು ದಿನದಲ್ಲಿ ಈ ಮನುಷ್ಯ ಎದ್ದು ನಿಂತದ್ದು ಎಷ್ಟು ಸಲ? ಮೂರು. ನಡೆದದ್ದು? ಬಚ್ಚಲ ತನಕ, ಒಂದು ಸಲ. ಸಂಜೆ ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಸುತ್ತುಬಳಸಿ ಮಾತಾಡುವವರಲ್ಲ. “ಈ ವಾರ ನಡೆಯದಿದ್ದರೆ ಮುಂದೆ ನಡೆಯುವುದು ಕಷ್ಟ. ಮಲಗಿದ್ದಷ್ಟೂ ಎದೆಯಲ್ಲಿ ಕಫ ಕಟ್ಟುತ್ತದೆ. ನಿಮಗೆ ನಾನು ಹೇಳಬೇಕೇ ಸಿಸ್ಟರ್?”

ಮರುದಿನ ಬೆಳಿಗ್ಗೆ ಅವಳು ಮಾಣಿಕಮ್ಮನವರಿಗೆ ಹೇಳಿದಳು. ಬಂದವರು ಸಂಜೆ ಒಂದು ತಾಸು ಬರಲಿ, ಉಳಿದ ಹೊತ್ತು ಬಾಗಿಲು ಹಾಕೋಣ. ಮಾಣಿಕಮ್ಮ ಬಿಸಿ ತಗುಲಿದವರಂತೆ ಹಿಂದೆ ಸರಿದರು. “ಮನಿಗಿ ಬಂದವರಿಗಿ ಬರಬ್ಯಾಡ್ರಿ ಅನ್ನಾಕ ಬರ್ತದೇನು? ಇವರು ಯಾರ ಮನಿಗಿ ಹೋಗಿಲ್ಲ? ಹೋದವರ ಮನಿಗಿ ಬರ್ತಾರ. ಇದು ನಿನಗ ತಿಳಿಯಂಗಿಲ್ಲ.”

ಹನ್ನೊಂದು ಗಂಟೆಗೆ ಕೊಹಿನೂರಿನಿಂದ ಅಮೋಘಸಿದ್ದಪ್ಪ ಬಂದರು. ಬಸವಣಪ್ಪನವರ ಅಕ್ಕನ ಗಂಡ, ಮನೆಗೆ ಹಿರಿಯ ಅಳಿಯ, ಎಲೆಯಡಿಕೆಯ ಚೀಲದ ಜೊತೆ ಅರ್ಧ ದಿನದ ಬಿಡುವನ್ನೂ ಕಟ್ಟಿಕೊಂಡು ಬರುವವರು. ಒಂದು ತಾಸಾಯಿತು. ಎರಡಾಯಿತು. ವ್ಯಾಯಾಮದ ಹೊತ್ತು ದಾಟಿತು. ಬಸವಣಪ್ಪ ನೋವು ನುಂಗಿಕೊಂಡು ನಗುತ್ತಿದ್ದರು.

“ಮಾಮಾ,” ಸುಮೇಧಾ ಆದಷ್ಟು ಮೆತ್ತಗೆ ಹೇಳಿದಳು, “ದೊಡ್ಡಪ್ಪಗ ಈಗ ನಡಸಬೇಕರಿ. ನೀವು ಜರಾ ಹೊರಗ ಕಟ್ಟಿ ಮ್ಯಾಲ ಕುಂತ್ರ...”

ಅಮೋಘಸಿದ್ದಪ್ಪ ಬಾಯಿಯ ಎಲೆ ಒಂದು ಕಡೆ ಸರಿಸಿದರು. “ಏನಂದಿ?”

“ಹೊರಗ ಕುಂತ್ರ ಚೊಲೋ ಆಗ್ತದ ಅಂದೆ ರೀ.”

“ನಲವತ್ತೆಂಟು ವರ್ಷ ಆತು ಈ ಮನಿ ಅಳಿಯ ಆಗಿ. ನಿನ್ನಿ ಬಂದ ತಂಗಿ ಮಗಳು ನನಗ ಎದ್ದು ಹೋಗು ಅಂತಾಳ! ಮಾಣಿಕಮ್ಮಾ, ಕೇಳ್ದೇನು?” ಎದ್ದರು. ಚಹಾ ಬಂತು. ಮುಟ್ಟಲಿಲ್ಲ. ರುಮಾಲು ಸರಿಮಾಡಿಕೊಂಡು ಹೊರಟೇಬಿಟ್ಟರು.

ಅಳಿಯ ಚಹಾ ಬಿಟ್ಟು ಎದ್ದುಹೋಗುವುದು ಆ ಮನೆಗೆ ಬೀಳುವುದಕ್ಕಿಂತ ದೊಡ್ಡ ಪೆಟ್ಟು. ಮಾಣಿಕಮ್ಮ ಅಳುತ್ತಲೇ ಸುಮೇಧಾಳ ಮೇಲೆ ಹರಿಹಾಯ್ದರು. “ಯಾರ ಮಾತಿಗಿ ಬಾಯಿ ಹಾಕಿದಿ ನೀ? ಬಂದ ಮಂದಿಗಿ ಎದ್ದು ಹೋಗ್ರಿ ಅನ್ನಾಕ ನೀ ಯಾರು?”

“ಅದೇ ರೀ,” ಎಂದಳು ಸುಮೇಧಾ. “ತಂಗಿ ಮಗಳಿಗಿ ಆ ಮಾತು ಅನ್ನಾಕ ಬರಂಗಿಲ್ಲ. ಅಂದ್ರ ನಡಿಯಂಗಿಲ್ಲ. ನರ್ಸಿಗಿ ಬರ್ತದ. ಬರ್ರಿ ಇಲ್ಲಿ.” ಬಾಗಿಲು ಮುಂದೆ ಮಾಡಿ, ಬಸವಣಪ್ಪನವರನ್ನು ಮಗ್ಗುಲಿಗೆ ತಿರುಗಿಸಿ, ಧೋತ್ರ ಸರಿಸಿ ತೋರಿಸಿದಳು. ಎಂಟು ದಿನ ಗಂಡನ ಮುಖ ಊರಿಗೆಲ್ಲ ಕಂಡಿತ್ತು. ಬೆನ್ನು ಮಾಣಿಕಮ್ಮನವರಿಗೂ ಕಂಡಿರಲಿಲ್ಲ. ಅವರು ಬೆರಳ ತುದಿಯಿಂದ ಆ ಕೆಂಪನ್ನು ಮುಟ್ಟಿ ಕೈ ಹಿಂತೆಗೆದುಕೊಂಡರು.

“ಇದು ಒಡೀತದ ರೀ. ಒಡದ್ರ ತಿಂಗಳುಗಟ್ಲೆ ಮಾಯಂಗಿಲ್ಲ. ನಾಳಿ ನಾ ನನ್ನ ಡ್ರೆಸ್ಸಿನಾಗ ಬರ್ತೀನಿ. ಬಾಗಿಲದಾಗ ನಿಂದರಿಸಿದ್ರ ಅಲ್ಲಿಂದಲೇ ಹೋಗ್ತೀನಿ. ತಂಗಿ ಮಗಳಾಗಿ ಇದನ್ನ ನೋಡ್ಕೋತ ಕುಂಡ್ರೋದು ನನ್ನಿಂದ ಆಗಂಗಿಲ್ಲ.”

ಬಸ್ಸಿನಲ್ಲಿ ಹುಮನಾಬಾದಿಗೆ ಮರಳುವಾಗ ಅವಳ ಸಿಟ್ಟೆಲ್ಲ ಇಳಿದು ಹೆದರಿಕೆ ಏರಿತು. ಇದ್ದದ್ದು ಒಂದು ಮನೆ. ಅಮಾವಾಸ್ಯೆಗೆ ಎಂಟು ದಿನ. ಬಂದ ಮಂದಿಯನ್ನು ನೆಚ್ಚಿ ಹಿಡಿದ ಕೆಲಸ. ಈಗ ಆ ಮಂದಿಯನ್ನೇ ಓಡಿಸುತ್ತೇನೆಂದು ಹೊರಟಿದ್ದಳು. ಅಂಗಡಿಯವನು ತಾನೇ ನಿಂತು ಗಿರಾಕಿಗಳ ಮೇಲೆ ನೀರು ಚೆಲ್ಲಿದ ಹಾಗೆ.

ಮರುದಿನ ಆಕಾಶನೀಲಿ ಕುರ್ತಾ, ಎದೆಯ ಮೇಲೆ ‘ಮನಿ ಕೇರ್’ ಎಂದು ದಾರದಲ್ಲಿ ಹೆಣೆದ ಹೆಸರು. ಹೊಸ್ತಿಲ ಮುಂದೆ ಒಂಬತ್ತು ಜೊತೆ ಚಪ್ಪಲಿ. ಪಡಸಾಲೆಯಲ್ಲಿ ಎಲ್ಲರೂ ಡ್ರೆಸ್ ನೋಡಿದರು, ಮಾಣಿಕಮ್ಮನವರನ್ನು ನೋಡಿದರು.

ಮಾಣಿಕಮ್ಮ ಎದ್ದು ನಿಂತರು. ಸೆರಗು ಹೊದ್ದುಕೊಂಡರು, ಮತ್ತೆ ಸರಿಮಾಡಿ ಹೊದ್ದುಕೊಂಡರು. “ಇವರು ನನ್ನ ತಂಗಿ ಮಗಳಲ್ಲ,” ಎಂದರು. “ನರ್ಸ್. ರೊಕ್ಕ ಕೊಟ್ಟು ಕರಸೀವಿ. ನಾನೇ ಸುಳ್ಳು ಹೇಳ್ದೆ.”

ಮೂಲೆಯಿಂದ ಒಬ್ಬಾಕೆ, “ಯವ್ವಾ, ಮನ್ಯಾಗ ಸೊಸಿ ಇದ್ಲಲ್ಲ?” ಎಂದಳು.

“ಇದ್ದಾಳ. ಎಂಟು ದಿನದಾಗ ಐನೂರು ಕಪ್ ಚಾ ಮಾಡ್ಯಾಳ. ನೀವೇ ಕುಡದೀರಿ.”

ಇನ್ನೊಬ್ಬರು ಸುಮೇಧಾಳ ಕಡೆ ತಿರುಗಿ, “ಹಂಗಾರ ನೀ ಯಾರ ಪೈಕಿ?” ಎಂದು ಕೇಳಿದರು.

“ಸುಮೇಧಾ ಕಾಂಬಳೆ. ಮಂಠಾಳದಾಕಿ,” ಎಂದಳು ಸುಮೇಧಾ. “ಇನ್ನ ಹತ್ತು ಮಿನಿಟಿನಾಗ ಯಜಮಾನ್ರನ್ನ ನಡಸ್ತೀ‌ನಿ ರೀ. ನೀವು ಮನಿಗಿ ಹೋಗ್ರಿ. ಸಂಜಿ ಐದರಿಂದ ಆರು, ಇಬ್ಬಿಬ್ಬರು ಬರ್ರಿ.”

ಒಬ್ಬೊಬ್ಬರಾಗಿ ಎದ್ದರು. ಕೊನೆಯ ಚಪ್ಪಲಿ ಹೋದ ಮೇಲೆ ಮಾಣಿಕಮ್ಮ ಅಡುಗೆಮನೆಗೆ ಹೋಗಿ ಗ್ಯಾಸ್ ಆರಿಸಿದರು. ರೂಪಾಲಿ ಅಲ್ಲೇ ನೆಲದ ಮೇಲೆ ಕೂತಳು, ಕೂತಲ್ಲೇ ನಿದ್ದೆ ಹೋದಳು. ಅವಳನ್ನು ಯಾರೂ ಎಬ್ಬಿಸಲಿಲ್ಲ.

ಆ ದಿನ ಬಸವಣಪ್ಪ ಆರು ಹೆಜ್ಜೆ ನಡೆದರು. ಬೈದುಕೊಂಡೇ ನಡೆದರು. ನೋಡುವವರಿಲ್ಲದ್ದರಿಂದ ಧೋತ್ರ ಸರಿದರೂ ನಾಚಲಿಲ್ಲ, ನೋವಾದರೆ ಚೀರಿದರು. ಮರುದಿನ ಬಾಗಿಲವರೆಗೆ. ಐದನೆಯ ದಿನ ಅಂಗಳಕ್ಕೆ ಬಂದು ವಾಕರ್ ಹಿಡಿದು ನಿಂತರು. ಬೆನ್ನಿನ ಕೆಂಪು ತಿಳಿಯಾಗುತ್ತ ಬಂತು. ಆದರೆ ಸಂಜೆಯ ಐದರಿಂದ ಆರಕ್ಕೆ ಯಾರೂ ಬರಲಿಲ್ಲ. ಒಂದು ನರಪಿಳ್ಳೆಯೂ ಇಲ್ಲ. ಖಾಲಿ ಪಡಸಾಲೆ ನೋಡಿ ಬಸವಣಪ್ಪ, “ನನ್ನ ಸೊಂಟ ನೆಟ್ಟಗಾತು, ಮಂದಿ ಮಾರಿ ಸೊಟ್ಟಾತು,” ಎಂದು ಪೆಚ್ಚಾಗಿ ನಕ್ಕರು. ಮಾಣಿಕಮ್ಮ ನಗಲಿಲ್ಲ. ಮಧ್ಯಾಹ್ನ ಊಟಕ್ಕೆ ಸುಮೇಧಾಳ ತಟ್ಟೆಯನ್ನು ರೂಪಾಲಿಯ ತಟ್ಟೆಯ ಪಕ್ಕ ಇಟ್ಟು, “ಉಣ್ಣು, ಮೊದಲ ತಣ್ಣಗಾಗೇದ,” ಎಂದರು.

ಸುಮೇಧಾಳ ಫೋನೂ ಬಾಯಿ ಮುಚ್ಚಿತ್ತು. ಮನಸ್ಸಿನಲ್ಲಿ ಎಣಿಸಿಟ್ಟುಕೊಂಡಿದ್ದ ಏಳು ಮನೆಗಳಲ್ಲಿ ಒಂದೂ ಕರೆಯಲಿಲ್ಲ. ಅಮಾವಾಸ್ಯೆಯ ದಿನ ಸಂಜೆ ಗಯಾಬಾಯಿ ಚೀಲ ತುಂಬಿಕೊಂಡು ಮನಿ ಕೇರಿಗೇ ಬಂದಳು. ಹೇಳದೆ ಹೋಗುವವಳಲ್ಲ. “ನಾಳಿ ಮುಂಜಾನಿ ಬಸ್ಸಿಗಿ ಹೋಗ್ತೀನಿ ಬಾಯಿ. ಕಲಿಸಿದ್ದು ಮರಿಯಂಗಿಲ್ಲ,” ಎಂದಳು. ಸುಮೇಧಾಳಿಗೆ ಹಿಡಿಯಬೇಡ ಎಂದ ಮಾತು ನೆನಪಿತ್ತು. ಹಿಡಿಯಲಿಲ್ಲ. ಆಗ ಫೋನ್ ಬಂತು.

“ನರ್ಸ್ ಬಾಯಿ ಇದ್ದಾರೇನ್ರಿ?” ಹೆಣ್ಣುದನಿ, ಬಾಯಿಗೆ ಸೆರಗು ಒತ್ತಿಕೊಂಡು ಮಾತಾಡಿದ ಹಾಗಿತ್ತು. “ಜರಾ ಸಣ್ಣಗ ಮಾತಾಡ್ರಿ. ನಾ ಕೊಹಿನೂರದಿಂದ ವರ್ಷಾ. ಅಮೋಘಸಿದ್ದಪ್ಪನವರ ಸೊಸಿ. ನಂಬರ್ ರೂಪಾಲಿ ಕೊಟ್ಟಾಳ.”

ಸುಮೇಧಾ ನೆಟ್ಟಗೆ ಕೂತಳು. “ಏನ್ರಿ?”

“ನಮ್ಮ ಮಾವ ಒಂದು ವಾರದಿಂದ ನಿಮಗೇ ಬೈಯಾಕತ್ತಾರ. ನೀವು ನರ್ಸ್ ಅಂತ ಮರುದಿನಾನೇ ಮಂದಿ ಬಂದು ಹೇಳ್ಯಾರ. ಕಟ್ಟಿ ಮ್ಯಾಲ ಕುಂತು ಹೋಗೋರಿಗೆ ಬರೋರಿಗೆ ಅದೇ ಕತಿ. ಹುಮನಾಬಾದಿನ ಮನಿ ಕೇರ್ ಅಂತ, ಅಲ್ಲಿಂದ ಒಬ್ಬಾಕಿ ನೀಲಿ ಡ್ರೆಸ್ ಹಾಕ್ಕೊಂಡು ಬರ್ತಾಳ, ಬಂದ ಮಂದಿಗಿ ಎದ್ದು ಹೋಗ್ರಿ ಅಂತಾಳ, ಅಂತ. ಮದಿವಿ ಕಾರಣಕ್ಕ ಹೋದಲ್ಲಿ ಹೇಳ್ಯಾರ, ಸಂತ್ಯಾಗ ಹೇಳ್ಯಾರ. ನಾ ಅಡಗಿಮನ್ಯಾಗಿಂದ ದಿನಾ ಕೇಳ್ತೀನಿ.” ದನಿ ಇನ್ನೂ ತಗ್ಗಿಸಿದಳು. “ಖರೇನ್ರಿ ಅದು? ಖರೇನೇ ಎದ್ದು ಹೋಗ್ರಿ ಅಂತೀರೇನು?”

“ಖರೇ ರೀ.”

ಆ ಕಡೆಯಿಂದ ಉದ್ದನೆಯ ಉಸಿರು ಕೇಳಿಸಿತು. “ನಮ್ಮ ಅತ್ತಿ ಲಕ್ವಾ ಹೊಡದು ಮಲಗಿ ಎರಡು ವರ್ಷ ಆತು. ಒಬ್ಬರನ್ನ ಕಳಸ್ರಿ. ಬಾಜೂ ಮನಿಯಾಕಿನೂ ನಂಬರ್ ಕೇಳ್ಯಾಳ, ಮಂಠಾಳದಾಗ ನನ್ನ ಅಕ್ಕನೂ ಕೇಳ್ಯಾಳ. ಮೊದಲ ನಮ್ಮನಿಗಿ ಕಳಸ್ರಿ.”

“ಮಾವಾರು ಒಪ್ಯಾರೇನು?”

“ನಮ್ಮ ಮನಿಯವರು ಒಪ್ಯಾರ. ಮಾವಗ, ನೀವು ಬಂದ ಮ್ಯಾಲ ತಿಳೀತದ. ಡ್ರೆಸ್ಸಿನಾಗೇ ಬರಬೇಕರಿ, ಮತ್ತ!”

ಸುಮೇಧಾ ಫೋನ್ ಇಟ್ಟು ಗಯಾಬಾಯಿಯ ಮುಖ ನೋಡಿದಳು. ಬೀದಿಗೆ ಮೈಕು ಹಚ್ಚಿ ಒದರಿಸಿದ್ದೆಲ್ಲ ಬೀದಿಯಲ್ಲೇ ಬಿದ್ದಿತ್ತು. ಒಲೆಯ ಮುಂದಿದ್ದವರ ಕಿವಿಗೆ ಮುಟ್ಟಿಸಿದವರು ಅಮೋಘಸಿದ್ದಪ್ಪ, ಒಂದು ಪೈಸೆ ಕೇಳದೆ, ಬೈದು ಬೈದು, ಊರೂರು ತಿರುಗಿ.

ಮರುದಿನ ಗಯಾಬಾಯಿ ಆಕಾಶನೀಲಿ ಕುರ್ತಾ ತೊಟ್ಟು ಕೊಹಿನೂರಿಗೆ ಹೋದಳು. ಸುಮೇಧಾ ಬಸವಣಪ್ಪನವರನ್ನು ಅಂಗಳದಲ್ಲಿ ನಡೆಸುತ್ತಲೇ ಫೋನಿಗೆ ಕಾದಳು. ಹನ್ನೊಂದಕ್ಕೆ ಬಂತು.

“ಮುಟ್ಟೀನಿ ಬಾಯಿ. ಹಿರ್‍ಯಾರು ಕಟ್ಟಿ ಮ್ಯಾಲೇ ಕುಂತಿದ್ರು. ನನ್ನ ಡ್ರೆಸ್ ನೋಡಿದ್ರು, ಮಾರಿ ಕೆಂಪಾತು. ನಾ ಶರಣು ಅಂದೆ.”

“ಏನಂದ್ರು?”

“ಏನೂ ಅನಲಿಲ್ಲ. ಒಳಗಿಂದ ಮುದುಕವ್ವ ನರಳಾಕತ್ತಿದ್ಲು. ಆ ಕಡೆ ನೋಡಿದ್ರು, ಕಾಲು ಮಡಚಿ ನನಗ ಹಾದಿ ಬಿಟ್ರು. ಈಗ ಹೊರಗ ಕುಂತು ಬಂದವರಿಗಿ ಒಳಗ ಹೋಗಬ್ಯಾಡ್ರಿ, ಆರೈಕಿ ನಡದದ ಅನ್ನಾಕತ್ತಾರ.”

“ಅವ್ವಾರ ಬೆನ್ನು ಹ್ಯಾಂಗದ?”

“ಎರಡು ಕಡೆ ಒಡದದ. ಸೊಸಿ ತನಗ ತಿಳದಂಗ ಅರಿಷಿಣ ಹಚ್ಯಾಳ, ಪಾಪ.”

“ಆಕಿಗಿ ಬೈಬ್ಯಾಡ. ಮೊದಲ ಬಿಸಿನೀರು ಆರಸಿ ಇಟ್ಕೋ. ಎಡಮಗ್ಗಲಕ್ಕ ಹೊಳ್ಳಸು, ಎರಡು ಕಾಲ ನಡುವ ತಲದಿಂಬು ಇಡು. ಇಟ್ಟಿಯೇನು?” ಸುಮೇಧಾ ಒಂದು ಕೈಯಲ್ಲಿ ಬಸವಣಪ್ಪನವರ ರಟ್ಟೆ ಹಿಡಿದಿದ್ದಳು. ಅವರು ನಿಂತು ಕೇಳಿಸಿಕೊಳ್ಳುತ್ತಿದ್ದರು. “ನೀವ್ಯಾಕ ನಿಂತ್ರಿ? ನಡೀರಿ,” ಎಂದು ಅವರಿಗೆ ಹೇಳಿ, ಮತ್ತೆ ಫೋನಿಗೆ, “ಹಾಂ, ಗಯಾಬಾಯಿ, ಈಗ ಹೊತ್ತು ನೋಡ್ಕೋ. ಎರಡು ತಾಸಿಗಿ ಮತ್ತ ಹೊಳ್ಳಸಬೇಕು,” ಎಂದಳು.